ಮೊದಲ ರೈಫಲ್: ಎಆರ್-15 ಮಾದರಿಯೋ, ಎಕೆ ಮಾದರಿಯೋ? ನಾನು ಎಡಗೈಯವನು

ಎಡಗೈ_ಗುರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ಟೆಕ್ಸಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಬಂದಿದೆ. ಒಂದು ಸೆಮಿ-ಆಟೋಮ್ಯಾಟಿಕ್ ರೈಫಲ್ ಕೊಳ್ಳಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದೇನೆ. ಅಮೆರಿಕದ ಎಆರ್-15 ಮಾದರಿಯದೋ ಸೋವಿಯತ್ ಮೂಲದ ಎಕೆ ಮಾದರಿಯದೋ ಅನ್ನುವಲ್ಲಿ ಬಂದು ನಿಂತುಬಿಟ್ಟಿದ್ದೇನೆ.

ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಎರಡನ್ನೂ ಹೊಡೆದು ನೋಡಿದೆ. ಎಆರ್ ಹಗುರ. ಭುಜಕ್ಕೆ ಏಟು ಬಿದ್ದದ್ದೇ ಗೊತ್ತಾಗಲಿಲ್ಲ, ಗುಂಡುಗಳೆಲ್ಲ ಒತ್ತೊತ್ತಾಗಿ ಬಿದ್ದವು. ಎಕೆ ಹಿಡಿದಾಗ ಬೇರೆಯದೇ ಅನುಭವ. ಬೋಲ್ಟ್ ಎಳೆದು ಬಿಟ್ಟಾಗಿನ ಆ ಸದ್ದು, ಮರದ ಹಿಡಿಯ ಬಿಸಿ, ಪ್ರತಿ ಗುಂಡಿಗೂ ಒಳಗೆ ಏನೋ ದೊಡ್ಡದು ಹಿಂದೆ ಮುಂದೆ ಓಡಿದ್ದು ಕೆನ್ನೆಗೇ ತಿಳಿಯುತ್ತಿತ್ತು. ಗುರಿ ಅಷ್ಟು ಚೆನ್ನಾಗಿ ಕೂರಲಿಲ್ಲ, ಆದರೆ ಕೆಳಗಿಡಲು ಮನಸ್ಸೇ ಬರಲಿಲ್ಲ.

ಉಪಯೋಗ ಇಷ್ಟೇ: ರೇಂಜ್‌ನಲ್ಲಿ 100 ಗಜಕ್ಕೆ ಕಾಗದದ ಗುರಿ, ಅಪರೂಪಕ್ಕೆ 200. ಬೇಟೆ ಇಲ್ಲ. ಹೆಂಡತಿಗೂ ಆಸಕ್ತಿ ಇದೆ. ಅವಳು ಎತ್ತರದಲ್ಲೂ ತೂಕದಲ್ಲೂ ನನಗಿಂತ ತುಂಬಾ ಕಡಿಮೆ. ಗುರಿಯಂತ್ರವೂ ಸೇರಿ ಸಾವಿರ ಡಾಲರ್ ಆಸುಪಾಸಿನಲ್ಲಿ ಮುಗಿದರೆ ಒಳ್ಳೆಯದು.

ಒಬ್ಬ ಗೆಳೆಯ ಹೇಳುತ್ತಾನೆ, "ಎಆರ್ ಸ್ವಲ್ಪ ಕೊಳೆಯಾದರೆ ನಿಂತುಬಿಡುತ್ತೆ, ವಿಯೆಟ್ನಾಂನಲ್ಲಿ ಆದದ್ದು ಓದು" ಅಂತ. ಇನ್ನೊಬ್ಬ ಹೇಳುತ್ತಾನೆ, "ಎಕೆಯಲ್ಲಿ 100 ಗಜದಾಚೆ ಗೋಡೆಗೂ ಬೀಳಲ್ಲ" ಅಂತ. ಇವುಗಳಲ್ಲಿ ನಿಜ ಎಷ್ಟು? ಎಡಗೈಯವನಿಗೆ ಯಾವುದು ಹೊಂದುತ್ತದೆ?

ಹಳೇ_ಸ್ಟಾಕು:

ಮನಸ್ಸು ಎಕೆ ಮೇಲಿದೆ ಅಂತ ನೀವೇ ಬರೆದಿದ್ದೀರಿ, ಅದನ್ನೇ ತಗೊಳ್ಳಿ. ಇಷ್ಟವಾದ ರೈಫಲ್ ಕಪಾಟಿನಿಂದ ಹೊರಗೆ ಬರುತ್ತದೆ, ಇಷ್ಟವಿಲ್ಲದ್ದು ಅಲ್ಲೇ ಕೂರುತ್ತದೆ.

ನನ್ನ ಹತ್ತಿರ ಇರುವುದು ಸರ್ಬಿಯಾದ ಜಸ್ತಾವ ಕಂಪನಿಯ ಎಂ70. ರಿಸೀವರ್, ಅಂದರೆ ಒಳಭಾಗಗಳನ್ನೆಲ್ಲ ಹಿಡಿದಿಡುವ ಪೆಟ್ಟಿಗೆ, ಅದರ ತಗಡು 1.5 ಮಿಲಿಮೀಟರ್ ದಪ್ಪ. ಎಕೆಯ ಸುಧಾರಿತ ರೂಪವಾದ ಎಕೆಎಂನಲ್ಲಿ ಮಾಮೂಲಾಗಿ 1 ಮಿಲಿಮೀಟರ್ ಇರುತ್ತದೆ. ಈಚಿನವುಗಳಲ್ಲಿ ನಳಿಗೆಯ ಒಳಗೆ ಕ್ರೋಮ್ ಲೇಪನವೂ ಇದೆ. 100 ಗಜದಲ್ಲಿ ಊಟದ ತಟ್ಟೆಯಷ್ಟು ಜಾಗಕ್ಕೆ ಎಲ್ಲ ಗುಂಡೂ ಬೀಳುತ್ತವೆ, ಸಾಮಾನ್ಯ ಗುಂಡು ಹಾಕಿ, ಗುರಿ ನೋಡುವ ತೆರೆದ ಸೈಟ್‌ನಲ್ಲೇ. ಗೋಡೆಗೂ ಬೀಳಲ್ಲ ಅನ್ನುವವರು ಒಂದೋ ಸವೆದು ಹೋದ ರೈಫಲ್ ಹಿಡಿದಿರಬೇಕು, ಇಲ್ಲವೇ ಗುಂಡು ಹೊಡೆಯುವ ಮೊದಲೇ ಕಣ್ಣು ಮುಚ್ಚುತ್ತಿರಬೇಕು.

ಒಂದು ಮಾತು: ನಿಮ್ಮ ಸಾವಿರ ಡಾಲರ್ ರೈಫಲ್ ಒಂದಕ್ಕೇ ಹೋಗಿಬಿಡುತ್ತದೆ. ಅದಕ್ಕಿಂತ ಅಗ್ಗದ ಎಕೆ ಹುಡುಕಲು ಹೋಗಬೇಡಿ.

ಪಿನ್ನು_ರಿವೆಟ್ಟು:

ಮೇಲಿನವರ ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ನಾನು ಹೇಳಬೇಕಾದದ್ದರ ಅರ್ಧ ಅದರಲ್ಲೇ ಇದೆ.

ನಾನು ಮೆಷಿನ್ ಶಾಪ್‌ನಲ್ಲಿ ಕೆಲಸ ಮಾಡುವವನು. ನನ್ನ ಹತ್ತಿರ ಎರಡೂ ಮಾದರಿ ಇವೆ, ಎರಡರ ಮೇಲೂ ಪ್ರೀತಿ ಇದೆ. ಆದರೆ ರೈಫಲ್ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಯಾವ ಭಾಗ ಯಾವುದರೊಳಗೆ ಹೇಗೆ ಕೂತಿದೆ ಅನ್ನುವುದರ ಕಡೆಗೆ. ಹಾಗೆ ನೋಡಿದಾಗ ಜನ ಹೇಳುವುದಕ್ಕೆ ತಿರುಗುಮುರುಗಾದದ್ದು ಕಾಣುತ್ತದೆ. ಎಕೆ ಒರಟು, ಯಾರು ಬೇಕಾದರೂ ಮಾಡಬಹುದು, ಎಲ್ಲಿ ಬೇಕಾದರೂ ರಿಪೇರಿಯಾಗುತ್ತದೆ. ಎಆರ್ ನಾಜೂಕು, ಅದನ್ನು ಮುಟ್ಟಲು ತಜ್ಞರೇ ಬೇಕು ಅನ್ನುವುದು ಎಲ್ಲರ ನಂಬಿಕೆ. ಕೊಳ್ಳುವವನ ಕಡೆಯಿಂದ ನೋಡಿದರೆ ನಿಜ ಇದರ ಉಲ್ಟಾ.

ಎಆರ್‌ನಲ್ಲಿ ಬೋಲ್ಟಿನ, ಅಂದರೆ ಗುಂಡನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡಿನ, ಹಲ್ಲುಗಳು ಸಿಕ್ಕಿಕೊಳ್ಳುವುದು ನಳಿಗೆಯ ಹಿಂಬದಿಗೇ ಬಿಗಿದಿರುವ ಒಂದು ಉಕ್ಕಿನ ಕೊರಳಿಗೆ. ಬ್ಯಾರೆಲ್ ಎಕ್ಸ್‌ಟೆನ್ಷನ್ ಅಂತಾರೆ. ಗುಂಡು ಸಿಡಿದಾಗಿನ ಒತ್ತಡವನ್ನೆಲ್ಲ ಬೋಲ್ಟ್ ಮತ್ತು ಆ ಕೊರಳು ತಮ್ಮ ತಮ್ಮಲ್ಲೇ ತಡೆದುಕೊಳ್ಳುತ್ತವೆ. ಹೊರಗಿನ ಅಲ್ಯೂಮಿನಿಯಂ ರಿಸೀವರ್ ಇವುಗಳನ್ನು ಒಂದೇ ಸಾಲಿನಲ್ಲಿ ಹಿಡಿದಿಡುವ ಮನೆ ಅಷ್ಟೇ. ಆದ್ದರಿಂದ ನಳಿಗೆ ಸವೆದರೆ ಒಂದು ನಟ್ ಬಿಚ್ಚಿ, ಹೊಸದು ಕೂರಿಸಿ, ಟಾರ್ಕ್ ವ್ರೆಂಚ್‌ನಿಂದ ಬಿಗಿದು, ಬೋಲ್ಟಿಗೂ ನಳಿಗೆಗೂ ನಡುವಿನ ಅಳತೆ ನೋಡುವ ಹೆಡ್‌ಸ್ಪೇಸ್ ಗೇಜ್ ಹಾಕಿ ನೋಡಿದರೆ ಆಯಿತು. ಮನೆಯಲ್ಲಿ ಒಂದು ಗಟ್ಟಿ ವೈಸ್ ಇದ್ದರೆ ಸಾಕು.

ಎಕೆಯಲ್ಲಿ ಹಾಗಲ್ಲ. ಬೋಲ್ಟ್ ಸಿಕ್ಕಿಕೊಳ್ಳುವುದು ಮುಂಭಾಗದ ಟ್ರನಿಯನ್ ಅನ್ನುವ ಉಕ್ಕಿನ ಗಡ್ಡೆಗೆ. ಆ ಗಡ್ಡೆಯನ್ನು ತಗಡಿನ ರಿಸೀವರ್‌ಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ನಳಿಗೆಯನ್ನು ಪ್ರೆಸ್‌ನಲ್ಲಿ ಅದರೊಳಕ್ಕೆ ಒತ್ತಿ, ಅಡ್ಡಲಾಗಿ ಪಿನ್ ಹಾಕಿರುತ್ತಾರೆ. ಹೆಡ್‌ಸ್ಪೇಸ್ ನಿರ್ಧಾರವಾಗುವುದು ಆ ಒತ್ತುವ ಹೊತ್ತಿನಲ್ಲೇ. ಅಂದು ಆ ಯಂತ್ರದ ಮುಂದೆ ನಿಂತವನು ಸರಿಯಾಗಿ ಮಾಡಿದ್ದರೆ ರೈಫಲ್ ನಿಮ್ಮ ಕಾಲಕ್ಕೂ ಮಕ್ಕಳ ಕಾಲಕ್ಕೂ ಆಯಿತು. ಮಾಡಿಲ್ಲದಿದ್ದರೆ ಮನೆಯ ಮೇಜಿನ ಮೇಲೆ ನೀವು ಸರಿಪಡಿಸುವಂಥದ್ದು ಏನೂ ಇಲ್ಲ.

ಇದು ಸುಲಭದ ಕೆಲಸವಾಗಿದ್ದರೆ ಸೋವಿಯತ್ ಕಾರ್ಖಾನೆಗಳಿಗೇ ಮೊದಲ ಏಟಿಗೆ ಒಲಿಯಬೇಕಿತ್ತು. 1949ರಲ್ಲಿ ಅವರ ಸೈನ್ಯ ಎಕೆಯನ್ನು ಒಪ್ಪಿಕೊಂಡಾಗ ರಿಸೀವರ್ ತಗಡಿನದೇ ಇತ್ತು. ತಿರಸ್ಕೃತ ಮಾಲು ಎಷ್ಟು ಬಂತೆಂದರೆ, ಅದನ್ನು ಬಿಟ್ಟು ಗಟ್ಟಿ ಉಕ್ಕನ್ನು ಕಡೆದು ರಿಸೀವರ್ ಮಾಡುವ ದುಬಾರಿ ದಾರಿಗೆ ಹೋದರು. ತಗಡಿನದು ನಿಜಕ್ಕೂ ಕೈಗೂಡಿದ್ದು 1959ರ ಎಕೆಎಂನಲ್ಲಿ. ತಗಡು ಬಾಗಿಸುವುದು, ಅದಕ್ಕೆ ಶಾಖ ಕೊಟ್ಟು ಹದ ಮಾಡುವುದು, ರಿವೆಟ್ಟಿನ ತಲೆ ಸಮನಾಗಿ ಕೂರಿಸುವುದು ಎಷ್ಟು ಅನುಭವ ಬೇಡುವ ಕೆಲಸ ಅಂತ ತಗಡಿನ ಕೆಲಸ ಮಾಡಿದವರಿಗೆ ಗೊತ್ತು. ಅದಕ್ಕೇ ದಶಕಗಳಿಂದ ಸೈನ್ಯಗಳಿಗೆ ಎಕೆ ಮಾಡಿಕೊಟ್ಟ ಕಾರ್ಖಾನೆಗಳ ಮಾಲು ನಂಬಿಕಸ್ಥ: ಸರ್ಬಿಯಾದ ಜಸ್ತಾವ, ಬಲ್ಗೇರಿಯಾದ ಆರ್ಸೆನಲ್, ರೊಮೇನಿಯಾದ ಕುಜಿರ್. ಅಗ್ಗದ ಕೆಲವು ಎಕೆಗಳಲ್ಲಿ ಬಡಿದು ಮಾಡಿದ ಟ್ರನಿಯನ್ ಬದಲು ಅಚ್ಚಿಗೆ ಎರೆದದ್ದನ್ನು ಹಾಕಿರುತ್ತಾರೆ. ಅಂಥ ಒಂದನ್ನು ಪರಿಚಿತರು ನನ್ನ ಹತ್ತಿರ ತಂದಿದ್ದರು. ಹೊಸದಾಗಿದ್ದಾಗ ಗೇಜ್ ಪಾಸಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಬೋಲ್ಟಿನ ಹಲ್ಲು ಒರಗುವ ಜಾಗ ಒಳಕ್ಕೆ ತಗ್ಗಿತ್ತು, ಬೋಲ್ಟ್ ಮುಚ್ಚಬಾರದ ನೋ-ಗೋ ಗೇಜಿನ ಮೇಲೂ ಅದು ಸಲೀಸಾಗಿ ಮುಚ್ಚುತ್ತಿತ್ತು. ಕೆನ್ನೆ ಇಟ್ಟು ಹೊಡೆಯುವ ವಸ್ತು ಅದು. ಇನ್ನು ಮೇಲೆ ಅದರಲ್ಲಿ ಒಂದು ಗುಂಡನ್ನೂ ಹಾಕಬೇಡಿ ಅಂದೆ.

ಇನ್ನು ವಿಯೆಟ್ನಾಂ. ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ, ಆದರೆ ಕಾರಣ ಬೇರೆ. ಯೂಜೀನ್ ಸ್ಟೋನರ್ ಆರ್ಮಲೈಟ್ ಕಂಪನಿಯಲ್ಲಿ ಮಾಡಿದ ಎಆರ್-15 ವಿನ್ಯಾಸವನ್ನು ಕೋಲ್ಟ್ ಕಂಪನಿ 1959ರಲ್ಲಿ ಕೊಂಡಿತು. ಸೈನ್ಯ ಅದನ್ನು ಎಂ16 ಅಂತ ತಗೊಂಡಾಗ ಗುಂಡಿನ ಮದ್ದನ್ನು ಬದಲಾಯಿಸಿದರು. ಕಡ್ಡಿ ಆಕಾರದ ಮದ್ದಿನ ಲೆಕ್ಕದಲ್ಲಿ ಕೂತಿದ್ದ ರೈಫಲ್‌ಗೆ ಉಂಡೆ ಆಕಾರದ ಮದ್ದು ಬಂತು. ಅದರಿಂದ ಕಿಟ್ಟ ಹೆಚ್ಚಾಯಿತು, ಬೋಲ್ಟ್ ಓಡುವ ವೇಗ ಹೆಚ್ಚಾಯಿತು. ಗುಂಡು ಕೂರುವ ಕೋಣೆಗೆ ಕ್ರೋಮ್ ಲೇಪನ ಇರಲಿಲ್ಲ. ಆ ತೇವದ ಹವೆಯಲ್ಲಿ ಅಲ್ಲಿ ತುಕ್ಕು ಹಿಡಿದು ಖಾಲಿ ಕೇಸ್‌ಗಳು ಕಚ್ಚಿಕೊಂಡವು. ಇದೆಲ್ಲದರ ಮೇಲೆ, ಈ ರೈಫಲ್ ತಾನೇ ಶುಚಿಯಾಗಿರುತ್ತದೆ ಅನ್ನುವ ಮಾತು ಹಬ್ಬಿ ಎಷ್ಟೋ ಹುಡುಗರ ಕೈಗೆ ಶುಚಿ ಮಾಡುವ ಸಲಕರಣೆಯೇ ಸಿಗಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೇ ಇದರ ವಿಚಾರಣೆ ಮಾಡಿತು. ಕೋಣೆಗೆ ಕ್ರೋಮ್ ಬಂತು, ಬೋಲ್ಟಿನ ಓಟವನ್ನು ತಡೆಯುವ ಬಫರ್ ಬದಲಾಯಿತು, ಸಲಕರಣೆಯೂ ತರಬೇತಿಯೂ ಬಂದವು, ಕಾಟ ತಗ್ಗಿತು. ಸತ್ತ ಹುಡುಗರ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಅಂದಿನ ಆ ಕತೆಯನ್ನು ಇವತ್ತು ಅಂಗಡಿಯಲ್ಲಿರುವ ಎಆರ್ ತಲೆಗೆ ಕಟ್ಟುವುದು ಸರಿಯಲ್ಲ.

ಎಆರ್ ಕೊಳೆಯಾಗುವುದು ನಿಜ. ನಳಿಗೆಯಿಂದ ಬರುವ ಗ್ಯಾಸ್ ಒಂದು ಸಣ್ಣ ಕೊಳವೆಯಲ್ಲಿ ಹಿಂದೆ ಬಂದು, ಬೋಲ್ಟನ್ನು ಹೊತ್ತು ಓಡುವ ಬೋಲ್ಟ್ ಕ್ಯಾರಿಯರ್ ಒಳಗೇ ಹಿಗ್ಗುತ್ತದೆ, ಮಸಿಯೆಲ್ಲ ಅಲ್ಲೇ ಕೂರುತ್ತದೆ. ಎಕೆಯಲ್ಲಿ ಉದ್ದನೆಯ ಪಿಸ್ಟನ್ ಕ್ಯಾರಿಯರ್‌ಗೇ ಅಂಟಿಕೊಂಡಿದೆ, ಮಸಿ ಮೇಲಿನ ಗ್ಯಾಸ್ ಕೊಳವೆಯಲ್ಲೇ ಉಳಿಯುತ್ತದೆ. ಆದರೆ ಎಆರ್ ನಿಲ್ಲುವುದು ಮಸಿಯಿಂದಲ್ಲ, ಎಣ್ಣೆ ಆರಿದ್ದರಿಂದ. ಬೋಲ್ಟ್ ಕ್ಯಾರಿಯರ್ ಕೈಗೆ ಜಿಡ್ಡಾಗುವಷ್ಟು ಎಣ್ಣೆ ಹಾಕಿ, ಮಸಿ ಇದ್ದರೂ ಓಡುತ್ತದೆ. ಕೆಸರಿನ ವಿಷಯಕ್ಕೆ ಬಂದರೆ, ಎಕೆಯ ಸೇಫ್ಟಿಯನ್ನು, ಅಂದರೆ ಗುಂಡು ಹಾರದಂತೆ ತಡೆಯುವ ಪಟ್ಟಿಯನ್ನು, ಕೆಳಗಿಳಿಸಿದರೆ ಬಲಗಡೆ ಬೋಲ್ಟಿನ ಹಿಡಿ ಓಡಾಡುವ ಸೀಳು ಪೂರ್ತಿ ತೆರೆದಿರುತ್ತದೆ. ಅದರೊಳಗೆ ಗಟ್ಟಿ ಕೆಸರು ಹೋದರೆ ಎಕೆಯೂ ನಿಲ್ಲುತ್ತದೆ. ಖಾಲಿ ಕೇಸ್ ಹೊರಬರುವ ಎಆರ್‌ನ ಕಿಟಕಿಗೆ ಒಂದು ಮುಚ್ಚಳ ಇದೆ. ಹೇಗೂ ಕಾಗದಕ್ಕೆ ಗುರಿಯಿಡುವ ನಿಮಗೆ ಕೆಸರು ಎದುರಾಗುವುದಿಲ್ಲ, ಆ ಚರ್ಚೆ ಬಿಡಿ.

ಎಡಗೈ ವಿಷಯವನ್ನು ಯಾರೂ ಮುಟ್ಟಲಿಲ್ಲ. ನಿಮಗೆ ದಿನವೂ ಎದುರಾಗುವುದು ಅದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಕೆಯಲ್ಲಿ ಬೋಲ್ಟಿನ ಹಿಡಿ ಬಲಗಡೆ ಇದೆ. ಬಲಗೈಯವರು ಅದನ್ನು ಎಳೆಯಲು ಒಂದೋ ಟ್ರಿಗರ್ ಕೈ ಬಿಡಬೇಕು, ಇಲ್ಲವೇ ಎಡಗೈಯನ್ನು ಅಡಿಯಿಂದ ಸುತ್ತಿ ತರಬೇಕು. ನಿಮ್ಮ ಎಡಗೈ ಟ್ರಿಗರ್ ಹಿಂದಿನ ಹಿಡಿಯ ಮೇಲೇ ಇರುತ್ತದೆ, ಬಲಗೈಯಿಂದ ನೇರ ಎಳೆಯುತ್ತೀರಿ. ಇದು ನಿಮಗೆ ಲಾಭ. ಆದರೆ ಸೇಫ್ಟಿಯೂ ಬಲಗಡೆಯೇ, ಉದ್ದನೆಯ ಬಿಗಿ ಪಟ್ಟಿ. ಎಡಗೈ ಬೆರಳಿಗೆ ಅದು ಎಟಕುವುದಿಲ್ಲ, ಪ್ರತಿ ಸಲ ಬಲಗೈ ತರಬೇಕು. ಖಾಲಿ ಕೇಸ್‌ಗಳು ಬಲಕ್ಕೆ, ಮುಂದಕ್ಕೆ, ಬಿರುಸಾಗಿ ಹಾರುತ್ತವೆ. ಮುಖಕ್ಕೆ ಬರುವುದಿಲ್ಲ, ಆದರೆ ಪಕ್ಕದ ಲೇನ್‌ನವರಿಗೆ ಮೊದಲೇ ಹೇಳಿ. ಕೊನೆಯ ಗುಂಡು ಹೊಡೆದ ಮೇಲೆ ಎಕೆಯ ಬೋಲ್ಟ್ ಸಾಮಾನ್ಯವಾಗಿ ತೆರೆದು ನಿಲ್ಲುವುದಿಲ್ಲ. ಮುಚ್ಚಿದ ಬೋಲ್ಟ್ ನೋಡಿ ಖಾಲಿ ಅಂದುಕೊಳ್ಳುವುದು ಹೊಸಬರಿಗೆ ಅಪಾಯ. ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಕೋಣೆಯನ್ನು ಕಣ್ಣಿಂದ ನೋಡಿಯೇ ಕೆಳಗಿಡಬೇಕು.

ಎಆರ್‌ನ ಸೇಫ್ಟಿ ಬಲಗೈ ಹೆಬ್ಬೆರಳಿಗೆ ಅಂತ ಎಡಗಡೆ ಇದೆ. ಎರಡೂ ಕಡೆಯಿಂದ ತಿರುಗಿಸಬಹುದಾದ ಸೇಫ್ಟಿ ಅಗ್ಗಕ್ಕೆ ಸಿಗುತ್ತದೆ, ಅದನ್ನು ನೀವೇ ಕೂರಿಸಬಹುದು. ಮ್ಯಾಗಜೀನ್ ಗುಂಡಿ ಬಲಗಡೆ ಇದೆ, ಎಡಗೈ ಹೆಬ್ಬೆರಳಿಗೆ ಸಿಗುತ್ತದೆ. ಬೋಲ್ಟ್ ಬಿಡುವ ಪಟ್ಟಿ ಎಡಗಡೆ ಇದೆ, ನಿಮ್ಮ ತೋರುಬೆರಳು ಟ್ರಿಗರ್‌ನಿಂದ ಹೊರಬಂದು ಅಲ್ಲಿಗೇ ಹೋಗುತ್ತದೆ. ಬಲಗೈಯವರಿಗೆ ಈ ಸೌಕರ್ಯ ಇಲ್ಲ. ಬೋಲ್ಟ್ ಎಳೆಯುವ ಹಿಡಿ ಹಿಂಬದಿಯ ಮಧ್ಯದಲ್ಲಿದೆ, ಯಾವ ಕೈಯಾದರೂ ಒಂದೇ. ಖಾಲಿ ಕೇಸ್ ಮುಖದ ಮುಂದೆ ಹಾದುಹೋಗದಂತೆ ಕಿಟಕಿಯ ಹಿಂದೆ ಒಂದು ಉಬ್ಬು ಇರುತ್ತದೆ. ಅದು ಇರುವ ರಿಸೀವರ್ ಅನ್ನೇ ತಗೊಳ್ಳಿ, ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತದೆ. ಕನ್ನಡಕವಂತೂ ಬೇಕೇ ಬೇಕು.

ಗುರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಎಆರ್, ಮಾಮೂಲಿ ಗುಂಡಿನಲ್ಲಿ 100 ಗಜಕ್ಕೆ ಗುಂಡುಗಳನ್ನೆಲ್ಲ 2 ಇಂಚಿನ ಒಳಗೆ ಗುಂಪಾಗಿ ಬೀಳಿಸುತ್ತದೆ. ಗುಂಡು ಒಳ್ಳೆಯದಾದರೆ ಇನ್ನೂ ಚಿಕ್ಕದು. ಒಳ್ಳೆಯ ಎಕೆ 3ರಿಂದ 4 ಇಂಚು. 200 ಗಜದಲ್ಲಿ ಗುಂಡಿನ ಇಳಿತವೂ ಸೇರಿಕೊಳ್ಳುತ್ತದೆ. 100ಕ್ಕೆ ಜೀರೋ ಮಾಡಿದರೆ, ಅಂದರೆ ಇಟ್ಟ ಗುರಿಗೇ ಗುಂಡು ಬೀಳುವಂತೆ ಸೈಟ್ ಹೊಂದಿಸಿದರೆ, 200ರಲ್ಲಿ ಎಆರ್‌ನ 5.56 ಗುಂಡು ಸುಮಾರು 3 ಇಂಚು ಇಳಿದಿರುತ್ತದೆ, ಎಕೆಯ 7.62×39 ಗುಂಡು ಸುಮಾರು 8-9 ಇಂಚು. ರೆಡ್ ಡಾಟ್, ಅಂದರೆ ಕೆಂಪು ಚುಕ್ಕಿ ತೋರುವ ಗುರಿಯಂತ್ರ, ಹಾಕಬೇಕೆಂದರೆ ಎಆರ್‌ನ ನೆತ್ತಿಯ ಮೇಲೆ ಗಟ್ಟಿ ರೈಲ್ ಇದೆ, ಕೂರಿಸಿ ಬಿಗಿದರೆ ಮುಗಿಯಿತು. ಎಕೆಯ ಮೇಲ್ಮುಚ್ಚಳ ತೆಳು ತಗಡು, ಪ್ರತಿ ಸಲ ಬಿಚ್ಚಿ ಹಾಕುವಂಥದ್ದು, ಅದರ ಮೇಲೆ ಸೈಟ್ ನಿಲ್ಲುವುದಿಲ್ಲ. ರಿಸೀವರ್‌ನ ಎಡಬದಿಗೆ ರೈಲ್ ಇರುವ ಎಕೆ ಹುಡುಕಬೇಕು, ಅದಕ್ಕೆ ಬೇರೆ ಮೌಂಟ್ ಬೇರೆ ಖರ್ಚು.

ಕಡೆಯದಾಗಿ ಗುಂಡಿನ ವಿಷಯ. ಒಂದು ಕಾಲಕ್ಕೆ ಎಕೆ ಕೊಳ್ಳಲು ದೊಡ್ಡ ಕಾರಣವೇ ರಷ್ಯಾದಿಂದ ಬರುತ್ತಿದ್ದ ಅಗ್ಗದ ಉಕ್ಕಿನ ಕೇಸಿನ ಗುಂಡು. 2021ರಲ್ಲಿ ಅಮೆರಿಕ ಸರ್ಕಾರ ರಷ್ಯಾದ ಗುಂಡಿಗೆ ಹೊಸ ಆಮದು ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಆ ಲಾಭ ಹೋಯಿತು. ಮತ್ತೆ, ಎಷ್ಟೋ ಒಳಾಂಗಣ ರೇಂಜ್‌ಗಳಲ್ಲಿ ಬಾಗಿಲಲ್ಲೇ ಗುಂಡಿಗೆ ಮ್ಯಾಗ್ನೆಟ್ ಹಿಡಿದು ನೋಡುತ್ತಾರೆ. ಅಗ್ಗದ 7.62×39ರಲ್ಲಿ ತಾಮ್ರದ ಹೊದಿಕೆಯ ಒಳಗೆ ಉಕ್ಕಿನ ಪದರ ಇರುತ್ತದೆ, ಮ್ಯಾಗ್ನೆಟ್ ಕಚ್ಚುತ್ತದೆ, ಒಳಗೆ ಬಿಡುವುದಿಲ್ಲ. ನಿಮ್ಮ ರೇಂಜ್‌ನವರನ್ನು ಕೊಳ್ಳುವ ಮುಂಚೆಯೇ ಕೇಳಿ.

ನನ್ನ ತೀರ್ಮಾನ: ನಿಮ್ಮ ಬಜೆಟ್, ನಿಮ್ಮ ಕೈ, ನಿಮ್ಮ ರೇಂಜ್, ಇಬ್ಬರು ಹೊಡೆಯುವುದು, ಎಲ್ಲ ನೋಡಿದರೆ ಈಗ ಎಆರ್. ಸುಮಾರು 600-700 ಡಾಲರ್‌ಗೆ ಒಳ್ಳೆಯದೇ ಬರುತ್ತದೆ, ಉಳಿದದ್ದು ರೆಡ್ ಡಾಟ್‌ಗೂ ಗುಂಡಿಗೂ ಆಗುತ್ತದೆ. ಎಕೆಯ ಆಸೆ ಬಿಡಬೇಡಿ. ಅದಕ್ಕೆ ಬೇರೆಯಾಗಿ ಪೂರ್ತಿ ಸಾವಿರ ಕೂಡಿಸಿ ಒಳ್ಳೆಯ ಕಾರ್ಖಾನೆಯದ್ದೇ ತಗೊಳ್ಳಿ.

ಸಂಪಿಗೆ_ಸಾಲು:

ನಿಮ್ಮ ಹೆಂಡತಿಯ ಕಡೆಯಿಂದ ಎರಡು ಮಾತು. ನಾನೂ ಸಣ್ಣ ಮೈಕಟ್ಟಿನವಳು, ಎರಡನ್ನೂ ಹೊಡೆಯುತ್ತೇನೆ.

ಎಆರ್‌ನ ಹಿಂದಿನ ಬಟ್, ಅಂದರೆ ಭುಜಕ್ಕೆ ಒರಗುವ ಭಾಗ, ಎಳೆದು ತಳ್ಳಿ ಉದ್ದ ಸರಿಮಾಡಬಹುದು. ಇಬ್ಬರಿಗೂ ಒಂದೇ ರೈಫಲ್ ಆಗಬೇಕಾದರೆ ಇದೇ ದೊಡ್ಡ ಅನುಕೂಲ. ಎಕೆಯ ಹಳೆ ಅಳತೆಯ ಮರದ ಬಟ್ ಗಿಡ್ಡದೇ, ಅವರಿಗೆ ಚೆನ್ನಾಗಿ ಹೊಂದುತ್ತದೆ, ನಿಮಗೆ ಮೊಣಕೈ ಮಡಚಿಕೊಂಡಂತಾಗಬಹುದು. ಅವರಿಗೆ ಕಷ್ಟವಾಗುವುದು ಭಾರ. ಬರೀ ರೈಫಲ್ ತೂಕ ಎರಡರದೂ ಹೆಚ್ಚುಕಮ್ಮಿ 3 ಕಿಲೋ. ಆದರೆ ಎಕೆಯ ಉಕ್ಕಿನ ಮ್ಯಾಗಜೀನ್‌ಗೆ 30 ಗುಂಡು ತುಂಬಿದರೆ ಅದೊಂದೇ 800 ಗ್ರಾಂ ದಾಟುತ್ತದೆ, ಎಆರ್‌ನದು ಅರ್ಧ ಕಿಲೋ ಆಸುಪಾಸು. ನಿಂತು ಹೊಡೆಯುವಾಗ ಆ ವ್ಯತ್ಯಾಸ ಮುಂಗೈಗೆ ಗೊತ್ತಾಗುತ್ತದೆ. ಪೂರ್ತಿ ತುಂಬಲೇಬೇಕು ಅಂತ ಏನಿಲ್ಲ, ಕಲಿಯುವಾಗ ಐದೈದೇ ಹಾಕಿ ಕೊಡಿ.

ಸದ್ದಿನ ಬಗ್ಗೆ ಎಚ್ಚರ. ಒಳಾಂಗಣ ರೇಂಜ್‌ನಲ್ಲಿ ಎರಡೂ ರೈಫಲ್ ಭಯಂಕರ ಸದ್ದು. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿಸಿ. ನಳಿಗೆಯ ತುದಿಗೆ ಮಜಲ್ ಬ್ರೇಕ್ ಇರುವುದನ್ನು ಮೊದಲ ರೈಫಲ್‌ಗೆ ಆರಿಸಬೇಡಿ. ಏಟು ಕಡಿಮೆ ಮಾಡುತ್ತದೆ ನಿಜ, ಆದರೆ ಸದ್ದನ್ನೂ ಗಾಳಿಯನ್ನೂ ಪಕ್ಕಕ್ಕೆ ಎಸೆಯುತ್ತದೆ. ಹೊಸಬರು ಬೆಚ್ಚುವುದು ಏಟಿಗಿಂತ ಸದ್ದಿಗೆ. ಒಮ್ಮೆ ಬೆಚ್ಚುವುದು ರೂಢಿಯಾದರೆ ಬಿಡಿಸುವುದು ಕಷ್ಟ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ವಿಷಯ. ಪ್ರಶ್ನೆ ಕೇಳಿದವರಿಗೆ ಗ್ರೀನ್ ಕಾರ್ಡ್ ಇದೆ, ತೊಂದರೆ ಇಲ್ಲ. ಎಚ್-1ಬಿ, ಎಫ್-1 ಮುಂತಾದ ವೀಸಾದಲ್ಲಿ ಇರುವವರಿಗೆ ಫೆಡರಲ್ ಕಾನೂನಿನ ಪ್ರಕಾರ ಬಂದೂಕನ್ನೂ ಗುಂಡನ್ನೂ ಕೊಳ್ಳುವುದು ಮಾತ್ರವಲ್ಲ, ಹತ್ತಿರ ಇಟ್ಟುಕೊಳ್ಳುವುದೂ ಅಪರಾಧ. ರಾಜ್ಯದ ಚಾಲ್ತಿ ಬೇಟೆ ಪರವಾನಗಿ ಇರುವಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯರ ಜೊತೆ ರೇಂಜ್‌ಗೆ ಹೋಗುವ ಮುಂಚೆಯೂ ವಕೀಲರನ್ನು ಕೇಳಿ. ಇಷ್ಟು ವರ್ಷ ಕಾದು ಕಟ್ಟಿಕೊಂಡ ಬದುಕು ಇದು, ಒಂದು ಮಧ್ಯಾಹ್ನಕ್ಕೋಸ್ಕರ ಪಣಕ್ಕಿಡಬೇಡಿ. ಹಾಗೆಯೇ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಈ ಎರಡೂ ಮಾದರಿಗಳ ಮೇಲೆ ಬಿಗಿ ಕಾನೂನುಗಳಿವೆ. ಟೆಕ್ಸಸ್‌ನಿಂದ ಮನೆ ಬದಲಾಯಿಸುವ ಯೋಚನೆ ಇದ್ದರೆ ಅದೂ ಲೆಕ್ಕಕ್ಕೆ ಬರಲಿ.

ಎಡಗೈ_ಗುರಿ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಸಂಪಿಗೆ ಅವರ ಉತ್ತರವನ್ನು ಹೆಂಡತಿಗೂ ಓದಿಸಿದೆ, ಸದ್ದಿನ ಮಾತು ಅವಳಿಗೆ ಪೂರ್ತಿ ಒಪ್ಪಿಗೆಯಾಯಿತು. ನಮ್ಮ ರೇಂಜ್‌ಗೆ ಫೋನ್ ಮಾಡಿದೆ. ಹೌದು, ಮ್ಯಾಗ್ನೆಟ್ ಹಿಡಿಯುತ್ತಾರೆ.

ಎಆರ್ ಕಡೆ ವಾಲಿದ್ದೇನೆ. ಎರಡು ಸಂದೇಹ ಉಳಿದಿವೆ. ಎಕೆಯ ಹಾಗೆ ಪಿಸ್ಟನ್ ಇರುವ ಎಆರ್ ಸಿಗುತ್ತದಲ್ಲ, ಅದು ಹೇಗೆ? 7.62×39 ಗುಂಡು ಹಾಕುವ ಎಆರ್ ಕೂಡ ನೋಡಿದೆ. ಎರಡರ ಒಳ್ಳೆಯದೂ ಒಂದರಲ್ಲೇ ಸಿಕ್ಕ ಹಾಗಾಗುವುದಿಲ್ಲವೇ? ಮತ್ತೆ, ಅಂಗಡಿಯಲ್ಲಿ ಕೈಗೆ ತಗೊಂಡಾಗ ಏನೇನು ನೋಡಬೇಕು?

ಪಿನ್ನು_ರಿವೆಟ್ಟು:

ಪಿಸ್ಟನ್ ಎಆರ್ ಒಳಗೆ ಶುಚಿಯಾಗಿರುತ್ತದೆ, ನಿಜ. ಆದರೆ ಸ್ಟೋನರ್ ವಿನ್ಯಾಸದಲ್ಲಿ ತಳ್ಳುವ ಬಲ ಬೋಲ್ಟಿನ ನೇರಕ್ಕೇ ಹುಟ್ಟುತ್ತದೆ, ಏಟು ಸೀದಾ ಭುಜಕ್ಕೆ ಬರುತ್ತದೆ. ಪಿಸ್ಟನ್ ಹಾಕಿದಾಗ ತಳ್ಳುವುದು ಕ್ಯಾರಿಯರ್‌ನ ನೆತ್ತಿಯನ್ನು, ಅದರ ಹಿಂಬದಿ ಕೆಳಕ್ಕೆ ವಾಲಲು ನೋಡುತ್ತದೆ. ಇದನ್ನು ಸರಿಯಾಗಿ ನಿಭಾಯಿಸಿದ ರೈಫಲ್‌ಗಳು ಇವೆ, ಬೆಲೆ ಜಾಸ್ತಿ. ಎಲ್ಲಕ್ಕಿಂತ ಮುಖ್ಯ, ಪಿಸ್ಟನ್ ಭಾಗಗಳು ಒಬ್ಬೊಬ್ಬರದು ಒಂದೊಂದು ಅಳತೆ. ಯಾರದ್ದೇ ಭಾಗ ಯಾರದ್ದಕ್ಕಾದರೂ ಕೂರುತ್ತದೆ ಅನ್ನುವುದು ಎಆರ್ ಕೊಳ್ಳಲು ಅರ್ಧ ಕಾರಣ. ಅದನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ.

7.62×39 ಎಆರ್ ಬೇಡ. ಆ ಗುಂಡಿನ ಬುಡ ದಪ್ಪ. ಅದಕ್ಕೆ ಜಾಗ ಮಾಡಲು ಬೋಲ್ಟಿನ ಮುಖವನ್ನು ಅಗಲವಾಗಿ ಕೊರೆಯಬೇಕು, ಹಲ್ಲುಗಳ ಬುಡದಲ್ಲಿ ಉಕ್ಕು ಕಡಿಮೆಯಾಗುತ್ತದೆ. ಬೋಲ್ಟ್ ಮುರಿಯುವುದು ಅಲ್ಲೇ. ಗುಂಡಿನ ಕೇಸ್ ಮೊನಚಾಗಿರುವುದರಿಂದ ಮ್ಯಾಗಜೀನ್ ಬಾಗಿರಬೇಕು, ಎಆರ್‌ನ ಮ್ಯಾಗಜೀನ್ ಗೂಡು ನೆಟ್ಟಗಿದೆ. ಎರಡೂ ಹೊಂದುವುದಿಲ್ಲ, ಗುಂಡು ಸಿಕ್ಕಿಕೊಳ್ಳುವ ಕಾಟ ಶುರುವಾಗುತ್ತದೆ. ಆ ಗುಂಡು ಬೇಕಿದ್ದರೆ ಅದಕ್ಕಾಗಿಯೇ ಹುಟ್ಟಿದ ಎಕೆಯಲ್ಲಿ ಹೊಡೆಯಿರಿ.

ಅಂಗಡಿಯಲ್ಲಿ ಮೊದಲು ರೈಫಲ್ ಖಾಲಿ ಇದೆ ಅಂತ ಅವರೂ ನೋಡಲಿ, ನೀವೂ ನೋಡಿ. ಆಮೇಲೆ ಬೋಲ್ಟ್ ಕ್ಯಾರಿಯರ್ ಹೊರತೆಗೆದು ತೋರಿಸಲು ಕೇಳಿ. ಅದರ ನೆತ್ತಿಯ ಮೇಲೆ ಗ್ಯಾಸ್ ಕೀ ಅನ್ನುವ ಸಣ್ಣ ಕೊಳವೆ ಎರಡು ಸ್ಕ್ರೂಗಳಲ್ಲಿ ಕೂತಿರುತ್ತದೆ. ಸ್ಕ್ರೂ ಸಡಿಲವಾಗದಂತೆ ಪಕ್ಕದ ಲೋಹವನ್ನು ಉಳಿಯಿಂದ ಹೊಡೆದು ಅದರ ಮೇಲೆ ಒತ್ತಿರಬೇಕು. ಬರೀ ಚುಕ್ಕಿಯ ಹಾಗೆ ಗೀಚಿದ್ದರೆ ಸಾಲದು, ಲೋಹ ಸ್ಕ್ರೂ ತಲೆಯೊಳಕ್ಕೆ ನುಗ್ಗಿರಬೇಕು. ಬಟ್ ಸೇರುವಲ್ಲಿನ ದೊಡ್ಡ ನಟ್‌ಗೂ ಅದೇ ಪರೀಕ್ಷೆ. ನಾನು ಒಂದು ಎಆರ್‌ನ ಗುಣವನ್ನು ಅಳೆಯುವುದು ಈ ಎರಡು ಜಾಗ ನೋಡಿಯೇ. ಇಲ್ಲಿ ಕೈ ಬಿಗಿ ಮಾಡಿದವರು ಒಳಗೂ ಬಿಗಿ ಮಾಡಿರುತ್ತಾರೆ.

ನಳಿಗೆ 16 ಇಂಚಿನದು ಇರಲಿ. ಅದಕ್ಕಿಂತ ಗಿಡ್ಡದಾದರೆ ಫೆಡರಲ್ ಕಾನೂನಿನ ಬೇರೆ ಅಧ್ಯಾಯಕ್ಕೆ ಹೋಗುತ್ತೀರಿ. ಗ್ಯಾಸ್ ಕೊಳವೆ ಮಿಡ್-ಲೆಂತ್, ಅಂದರೆ ಮಧ್ಯಮ ಉದ್ದದ್ದು, ಇರುವುದು ಸಿಕ್ಕರೆ ಅದನ್ನೇ ಆರಿಸಿ. ಗ್ಯಾಸ್ ತೂತು ಮುಂದೆ ಹೋದಷ್ಟೂ ಒತ್ತಡ ತಗ್ಗಿ ಬರುತ್ತದೆ, ಬೋಲ್ಟ್ ಮೆತ್ತಗೆ ಓಡುತ್ತದೆ, ನಿಮ್ಮ ಹೆಂಡತಿಗೂ ಅದು ಗೊತ್ತಾಗುತ್ತದೆ.

ನಳಿಗೆಯ ಮೇಲೆ ಕೆತ್ತಿರುವುದನ್ನು ಓದಿ. 5.56 ಅಂತ ಇದ್ದರೆ .223 ಗುಂಡೂ ಹಾಕಬಹುದು, 5.56 ಕೂಡ. .223 ವೈಲ್ಡ್ ಅಂತ ಇದ್ದರೂ ಹಾಗೆಯೇ. ಬರೀ .223 ರೆಮಿಂಗ್ಟನ್ ಅಂತ ಇದ್ದರೆ 5.56 ಹಾಕಬಾರದು. ನೋಡಲು ಒಂದೇ ಥರ ಇರುತ್ತವೆ, ಆದರೆ ಕೋಣೆಯ ಅಳತೆ ಬೇರೆ, ಒತ್ತಡ ಮಿತಿ ಮೀರಬಹುದು.

ಗುಂಡು 55 ಗ್ರೇನ್ ತೂಕದ್ದು, ಹಿತ್ತಾಳೆ ಕೇಸ್, ಒಂದೇ ಕಂಪನಿಯದು ಒಂದು ಪೆಟ್ಟಿಗೆ ಪೂರ್ತಿ ತಗೊಳ್ಳಿ. ಬಗೆಬಗೆಯ ಗುಂಡು ಬೆರೆಸಿದರೆ ತಪ್ಪು ನಿಮ್ಮದೋ ಗುಂಡಿನದೋ ತಿಳಿಯುವುದೇ ಇಲ್ಲ. ರೆಡ್ ಡಾಟ್ ಅನ್ನು 50 ಗಜಕ್ಕೆ ಜೀರೋ ಮಾಡಿ. ಹಾಗೆ ಮಾಡಿದರೆ ಗುಂಡು ಮತ್ತೆ 200 ಗಜದ ಹತ್ತಿರ ಅದೇ ಎತ್ತರಕ್ಕೆ ಬರುತ್ತದೆ, 100ರಲ್ಲಿ ಒಂದೆರಡು ಇಂಚು ಮೇಲೆ ಬೀಳುತ್ತದೆ. ಮೊದಲು 25 ಗಜದಲ್ಲಿ ಕಾಗದದ ಮೇಲೆ ಬೀಳುವಂತೆ ಮಾಡಿಕೊಂಡು ಆಮೇಲೆ 50ಕ್ಕೆ ಹೋಗಿ. ಎಆರ್‌ನ ಸೈಟ್ ನಳಿಗೆಗಿಂತ ಎರಡೂವರೆ ಇಂಚಿಗೂ ಮೇಲಿರುತ್ತದೆ. ಹಾಗಾಗಿ 25ರಲ್ಲಿ ಗುಂಡು ಇಟ್ಟ ಗುರಿಗಿಂತ ಒಂದು ಇಂಚಿನಷ್ಟು ಕೆಳಗೆ ಬಿದ್ದರೆ ಸೈಟ್ ತಿರುಗಿಸಬೇಡಿ, ಅದು ಸರಿಯಾಗಿಯೇ ಇದೆ.